ಕುಡಿಯದೆಯೇ ಕುಡಿತ ಬಿಟ್ಟವನು

ನಮ್ಮ ಕಥೆಯ ದರ್ಜಿ ಹುಟ್ಟಿದಾಗಿನಿಂದ ಒಂದು ತೊಟ್ಟು ಮದ್ಯ ಮುಟ್ಟಿದವನಲ್ಲ. ಇದು ಅವನ ಹೆಗ್ಗಳಿಕೆ ಎಂದು ನೀವು ತಿಳಿದರೆ ಮೊದಲ ಸಾಲಿನಲ್ಲೇ ಮೋಸಹೋದಿರಿ. ಇದು ಅವನ ಕೊರಗು. ಬೇರೆ ಯಾವ ಊರಿನಲ್ಲಿದ್ದರೂ ನಾಲ್ಕು ಜನ ಅವನನ್ನು ಸಭ್ಯಸ್ಥ ಎಂದು ಮೆಚ್ಚುತ್ತಿದ್ದರು. ಅವನಿದ್ದ ಊರಿನಲ್ಲಿ ಮಾತ್ರ ಮರ್ಯಾದೆಯೆಲ್ಲ ಕುಡಿದು ಬಿಟ್ಟವರಿಗೆ ಮೀಸಲು. ಮೊದಲಿನಿಂದಲೂ ಕುಡಿಯದೇ ಇದ್ದವರನ್ನು ಮೂಸಿ ನೋಡುವವರೂ ಇರಲಿಲ್ಲ.

ಇದಕ್ಕೊಂದು ಇತಿಹಾಸವಿದೆ. ಹಿಂದೆ ಆ ಊರಿನಲ್ಲಿ ಹದಿನೇಳು ಮದ್ಯದಂಗಡಿಗಳೂ ಒಂದು ಗ್ರಂಥಾಲಯವೂ ಇದ್ದವು. ಗ್ರಂಥಾಲಯದ ಬಾಗಿಲು ತೆರೆದಿದ್ದನ್ನು ಕಂಡವರಿಲ್ಲ. ಒಂದು ವರ್ಷ ಹೆಂಗಸರು ಎದ್ದರು. ಬಾಲಿಕಾ ಶಾಲೆಯ ಹೆಡ್‌ಮಿಸ್ಟ್ರೆಸ್ ನಲವತ್ತು ಹೆಂಗಸರನ್ನು ಕರೆದುಕೊಂಡು ಹೋಗಿ ದಿನಕ್ಕೊಂದು ಅಂಗಡಿಯ ಮುಂದೆ ನಿಂತರು. ಬೈಯಲಿಲ್ಲ, ಕಲ್ಲು ತೂರಲಿಲ್ಲ. ಒಳಗೆ ಹೋಗುವ ಗಂಡಸಿನ ಮುಖವನ್ನೇ ನೋಡುತ್ತ ಎಲ್ಲರೂ ಸುಮ್ಮನೆ ಉಲ್ಲನ್ ಹೆಣೆಯುತ್ತಿದ್ದರು. ನಲವತ್ತು ಜೊತೆ ಕಡ್ಡಿಗಳ ಟಿಕ್‌ಟಿಕ್ ಸದ್ದಿಗೆ ಎಂಥೆಂಥ ಕುಡುಕರೂ ಬಾಗಿಲಿನಿಂದಲೇ ಕಾಲಿಗೆ ಬುದ್ಧಿ ಹೇಳಿದರು. ಆಮೇಲೆ ಪ್ರತಿಜ್ಞೆಗಳಾದವು, ಮೆರವಣಿಗೆಗಳಾದವು, ಕೊನೆಗೆ ಪಾನನಿಷೇಧದ ಕಾನೂನೇ ಬಂತು. ಅಂದು ಪೀಪಾಯಿಗಳನ್ನೆಲ್ಲ ಚರಂಡಿಗೆ ಸುರಿದರು. ಊರಿನ ಬಾತುಕೋಳಿಗಳು ಎರಡು ದಿನ ಸಾಲು ತಪ್ಪಿ ನಡೆದವು.

ಅಂಗಡಿಗಳಲ್ಲೆಲ್ಲ ದೊಡ್ಡದನ್ನು ಪಾನತ್ಯಾಗಿಗಳ ಸಂಘದವರು ತಮ್ಮ ಸಭಾಂಗಣ ಮಾಡಿಕೊಂಡರು. ಲೋಟಗಳನ್ನು ಇಡುತ್ತಿದ್ದ ಉದ್ದನೆಯ ಮೇಜು ಅಧ್ಯಕ್ಷರ ಮೇಜಾಯಿತು. ಹೆಡ್‌ಮಿಸ್ಟ್ರೆಸ್ ಅಧ್ಯಕ್ಷೆಯಾದರು. ಮೇಜಿನ ಮೇಲೆ ಲೋಟಗಳ ತಳ ಕೂತು ಬಿದ್ದ ಉಂಗುರದ ಗುರುತುಗಳಿದ್ದವು. ಸೋಡಾಪುಡಿ ಹಾಕಿ ಉಜ್ಜಿದರು, ಮರಳುಕಾಗದದಲ್ಲಿ ತಿಕ್ಕಿದರು, ಹೋಗಲಿಲ್ಲ. ಹನ್ನೊಂದು ವರ್ಷಗಳಾದ ಮೇಲೂ ಬಿರುಬಿಸಿಲಿನ ಮಧ್ಯಾಹ್ನಗಳಲ್ಲಿ ಅವುಗಳಲ್ಲಿ ಒಂದೆರಡು ಗುರುತು ಒದ್ದೆಯಾಗಿರುತ್ತಿದ್ದವು. ಅದು ಎಲ್ಲರಿಗೂ ಕಾಣುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಕುಡಿದು ಬಿಟ್ಟವರಿಗೆ ಎದೆಯ ಮೇಲೆ ನೀಲಿ ರಿಬ್ಬನ್, ಮುಂದಿನ ಸಾಲಿನ ಮೆತ್ತೆಯ ಕುರ್ಚಿ. ಕುಡಿದೇ ಇರದವರಿಗೆ ಬಿಳಿ ರಿಬ್ಬನ್, ಹಿಂದಿನ ಬೆಂಚು, ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡುವ ಭಾಗ್ಯ. ಎರಡೂ ರಿಬ್ಬನ್ನುಗಳನ್ನು ಅಂಚು ಮಡಿಚಿ ಹೊಲಿದು ಕೊಡುತ್ತಿದ್ದವನು ನಮ್ಮ ದರ್ಜಿ. ನೀಲಿಗೆ ಅವನು ರೇಷ್ಮೆ ನೂಲು ಹಾಕುತ್ತಿದ್ದ. ಹೊಲಿದಾದ ಮೇಲೆ ಅಂಗಡಿಯ ಕನ್ನಡಿಯ ಮುಂದೆ ಒಂದು ಗಳಿಗೆ ಎದೆಗೆ ಹಿಡಿದು ನೋಡಿ, ಯಾರಾದರೂ ಬಂದಾರೆಂದು ಡಬ್ಬಿಗೆ ಹಾಕಿಬಿಡುತ್ತಿದ್ದ.

ಹಾಗೆಂದು ಅವನ ಬಾಳಿನಲ್ಲಿ ಹೆಮ್ಮೆಪಡುವಂಥದ್ದು ಏನೂ ಇರಲಿಲ್ಲವೆಂದಲ್ಲ. ಒಂದೇ ಒಂದಿತ್ತು. ಹನ್ನೆರಡು ವರ್ಷದ ಹಿಂದೆ ಅವನ ತಂದೆ ತೀರಿಕೊಂಡ ದಿನ, ಬೆಳಿಗ್ಗೆಯಿಂದ ಮಧ್ಯಾಹ್ನ ಮೂರು ಗಂಟೆಯವರೆಗೆ, ಅವನು ಹಾಸಿಗೆಯ ಪಕ್ಕದಿಂದ ಕದಲಿರಲಿಲ್ಲ. ತಂದೆಯ ಕೈ ಅವನ ಕೈಯಲ್ಲೇ ತಣ್ಣಗಾಗಿತ್ತು. ಇದನ್ನು ಅವನು ಯಾರಲ್ಲೂ ಹೇಳಿಕೊಂಡಿರಲಿಲ್ಲ. ಎಲ್ಲ ಕೆಲಸದಲ್ಲೂ ಎಡವುವ, ಪ್ಯಾಂಟಿಗೆ ಕೋಟಿನ ಗುಂಡಿ ಹೊಲಿಯುವ ಮನುಷ್ಯ ಅವನು. ಆ ಒಂದು ದಿನ ಮಾತ್ರ ತಾನು ಇರಬೇಕಾದ ಕಡೆ ಇದ್ದೆ ಎಂಬುದೇ ಅವನಿಗಿದ್ದ ಆಸ್ತಿ.

ಇನ್ನು ಆ ಭಾನುವಾರದ ವಿಷಯ. ಸಂಘದ ನಿಯಮದ ಪ್ರಕಾರ ಯಾರಾದರೊಬ್ಬರು ಎದ್ದು ತಮ್ಮ ಕುಡಿತದ ದಿನಗಳ ಸಾಕ್ಷಿ ಹೇಳದೆ ಸಭೆ ಮುಗಿಯುವಂತಿಲ್ಲ. ಕಾನೂನು ಬಂದು ಹನ್ನೊಂದು ವರ್ಷವಾಗಿ, ಊರಿನಲ್ಲಿ ಹೊಸ ಕುಡುಕರ ಬೆಳೆಯೇ ನಿಂತುಹೋಗಿತ್ತು. ಇದ್ದ ಹಳಬರು ಹೇಳಿದ್ದನ್ನೇ ಹೇಳಿ ಹೇಳಿ ಅವರ ಪಾಪಗಳೆಲ್ಲ ಸವೆದಿದ್ದವು. ಅಂದು ಸಾಕ್ಷಿ ಹೇಳಬೇಕಾಗಿದ್ದ ಕ್ಷೌರಿಕ ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡು ಕೂತಿದ್ದ. ಅರ್ಧ ಗಂಟೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಸಂಜೆಗೆ ಒಂದು ಪ್ಯಾಂಟು ಕೊಡಬೇಕಾಗಿದ್ದ ದರ್ಜಿ, ಮೆಲ್ಲನೆ ಜಾರಿಕೊಳ್ಳೋಣವೆಂದು ಹಿಂದಿನ ಬೆಂಚಿನಿಂದ ಎದ್ದ.

"ಬನ್ನಿ, ಮುಂದೆ ಬನ್ನಿ," ಎಂದರು ಅಧ್ಯಕ್ಷೆ. "ಸಂಕೋಚ ಬೇಡ. ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ರಿ ಅಂತ ಕಾಣುತ್ತೆ."

ಪ್ಯಾಂಟು ಹೊಲಿಯೋಕೆ ಹೊರಟೆ ಮೇಡಂ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟು ಜನವೂ ತಿರುಗಿ ಅವನನ್ನು ನೋಡಿದರು. ಹಿಂದಿನ ಬೆಂಚಿನವನನ್ನು ಊರು ತಿರುಗಿ ನೋಡಿದ್ದು ಅದೇ ಮೊದಲು. ಮೇಜಿನ ಮೇಲೆ ಅವನೇ ಹೊಲಿದ ನೀಲಿ ರಿಬ್ಬನ್ ಬೇರೆ ಇತ್ತು.

"ನಾನೂ ಕುಡೀತಿದ್ದೆ," ಎಂದ ದರ್ಜಿ.

ಮುಂದಿನ ಸಾಲು ಕುರ್ಚಿಯ ಅಂಚಿಗೆ ಬಂತು. ಎಷ್ಟು ವರ್ಷ ಎಂದು ಯಾರೋ ಕೇಳಿದರು. ಏಳು ಎಂದ. ಒಬ್ಬನೇ ಕುಡಿದರೆ ಚೆನ್ನಾಗಿರುವುದಿಲ್ಲವೆಂದು ಜೊತೆಗೊಬ್ಬನನ್ನು ಹುಟ್ಟಿಸಿದ. ಉಂಗುರದ ಬೆರಳಿಲ್ಲದ ಒಬ್ಬ ಮೊಂಡುಬೆರಳಿನವನು. ಪಕ್ಕದ ಬಡಗಿಯ ಬಾಗಿಲಿಗೆ ಒದ್ದಿದ್ದಾಗಿ ಹೇಳಿದ. ಜನ ಲೊಚಗುಟ್ಟಿದರು. ಆದರೂ ಕ್ಷೌರಿಕ ಊದಿದ ಕೆನ್ನೆಯಲ್ಲೇ ತಾತ್ಸಾರದ ನಗೆ ನಗುತ್ತಿದ್ದ. ಅವನು ಸ್ವಂತ ಮದುವೆಯ ದಿನ ಕುಡಿದು ಬೇರೆಯವರ ಮದುವೆಯಲ್ಲಿ ಕೂತು ಬಂದವನು. ಅದಕ್ಕಿಂತ ದೊಡ್ಡ ಪಾಪಕ್ಕಾಗಿ ದರ್ಜಿ ತಲೆಯೊಳಗೆಲ್ಲ ತಡಕಾಡಿದ. ಅಲ್ಲಿ ಇದ್ದ ದೊಡ್ಡ ದಿನ ಒಂದೇ. ಹಳೆಯ ಕೋಟನ್ನು ಬಿಚ್ಚಿ ಒಳಮೈಯನ್ನು ಹೊರಗೆ ಮಾಡಿ ಹೊಲಿಯುವ ಹಾಗೆ ಅವನು ಆ ದಿನವನ್ನು ತಿರುವಿ ಹಾಕಿದ.

"ನಮ್ಮಪ್ಪ ಸಾಯೋ ಹೊತ್ತಿಗೆ ನಾನು ಮನೇಲಿರಲಿಲ್ಲ. ಇಲ್ಲೇ, ಈ ಮೇಜಿನ ಕೆಳಗೆ ಬಿದ್ದಿದ್ದೆ."

ಕ್ಷೌರಿಕ ಕಣ್ಣೊರೆಸಿಕೊಂಡ. ಎಲ್ಲಿಂದಲೋ ಹುಳಿಹುಳಿಯಾದ ಹಳೆಯ ವಾಸನೆಯೊಂದು ಎದ್ದು ಇಡೀ ಕೋಣೆಯಲ್ಲಿ ತುಂಬಿಕೊಂಡಿತು. ಕಿಟಕಿಗಳೆಲ್ಲ ತೆರೆದೇ ಇದ್ದವು. ಅಧ್ಯಕ್ಷೆ ಕೆಳಗಿಳಿದು ಬಂದು ದರ್ಜಿಯ ಎದೆಗೆ ರಿಬ್ಬನ್ ಚುಚ್ಚಿದರು.

ಮರುದಿನ ಬೆಳಿಗ್ಗೆ ಅವನು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಪಕ್ಕದ ಬಡಗಿ ಬಂದು ಬಟ್ಟೆ ಕತ್ತರಿಸುವ ಮೇಜಿಗೆ ಒರಗಿದ.

"ಕೊನೆಗೂ ಬಾಯಿ ಬಿಟ್ಟೆಯಲ್ಲ ಮಾರಾಯ. ನಾನಾಗಿ ಎತ್ತಬಾರದು ಅಂತ ಹನ್ನೆರಡು ವರ್ಷ ಸುಮ್ಮನಿದ್ದೆ."

"ಅಣ್ಣಾ, ಆ ಬಾಗಿಲು ಒದ್ದ ವಿಷಯ ನಾನು ಸುಮ್ಮನೆ ಹೇಳಿದ್ದು."

"ಸುಮ್ಮನೇ ಒದ್ದೆ ಅಂತ ನನಗೂ ಗೊತ್ತು. ಕಾರಣ ಇದ್ದಿದ್ರೆ ಅವತ್ತೇ ಕೇಳ್ತಿದ್ದೆ." ಬಡಗಿ ಅವನ ರಟ್ಟೆ ಹಿಡಿದು ತನ್ನ ಮನೆಯ ಬಾಗಿಲಿಗೆ ಕರೆದೊಯ್ದ. ಬಾಗಿಲಿನ ಕೆಳಹಲಗೆಯಲ್ಲಿ ಒಂದು ತಗ್ಗು, ಅದರೊಳಗೆ ಹಿಮ್ಮಡಿಯ ಮೂರು ಮೊಳೆಗಳ ಗುರುತು. "ಸರಿ ಮಾಡೋಕೆ ಐದು ನಿಮಿಷದ ಕೆಲಸ. ಆದ್ರೆ ನೀನು ನೋಡಲಿ ಅಂತ ಹಾಗೇ ಬಿಟ್ಟೆ."

ದರ್ಜಿ ಒಂಟಿಕಾಲಿನಲ್ಲಿ ನಿಂತು ತನ್ನ ಬೂಟಿನ ತಳ ನೋಡಿಕೊಂಡ. ಮೂರು ಮೊಳೆಗಳಿದ್ದವು. ಎಲ್ಲರ ಬೂಟಿಗೂ ಮೂರೇ ಇರುತ್ತವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅಂಗಡಿಗೆ ಬಂದು, ಒಂದು ಅಂಗಿಯ ತೋಳನ್ನು ತಿರುಗಾಮುರುಗಾ ಹೊಲಿದ.

ಹೆಂಡತಿಯಾದರೂ ನಂಬುವುದಿಲ್ಲ ಎಂಬ ಧೈರ್ಯ ಅವನಿಗಿತ್ತು. ಅವಳು ಅವನ ಕೈ ಹಿಡಿದು ಒಂಬತ್ತು ವರ್ಷ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಎಂದಿಗಿಂತ ದೊಡ್ಡ ತಟ್ಟೆ ಇಟ್ಟಳು.

"ಮದುವೆಗೆ ಮುಂಚೆನೇ ಹೇಳಬಹುದಿತ್ತು ರೀ. ನಾನೇನು ಬೇಡ ಅಂತಿರಲಿಲ್ಲ. ನೀವು ಏನೂ ಅಲ್ಲದವರು ಅಂತ ನಮ್ಮನೇಲಿ ಎಲ್ಲರಿಗೂ ಬೇಜಾರಿತ್ತು."

"ನಾನು ಕುಡಿದೇ ಇಲ್ಲ ಕಣೇ. ರಿಬ್ಬನ್ನಿನ ಆಸೆಗೆ ಸುಳ್ಳು ಹೇಳಿದೆ."

ಅವಳು ಸಂಘದ ಕೈಪಿಡಿ ತಂದು ಮೂರನೇ ಪುಟ ತೆಗೆದಳು. "ಕೇಳಿ. 'ತಾನು ಕುಡಿದೇ ಇಲ್ಲ ಎನ್ನುವುದು ಕುಡುಕನ ಮೊದಲ ಲಕ್ಷಣ.' ಅಲ್ಲದೆ ನೀವು ನಿದ್ದೇಲಿ ಮಾತಾಡ್ತೀರಲ್ಲ, 'ಇನ್ನೊಂದಿಷ್ಟು ಸುರಿ' ಅಂತೀರಿ. ಒಂಬತ್ತು ವರ್ಷದಿಂದ ನಾನು ಅದು ಮಷಿನ್ನಿನ ಎಣ್ಣೆ ಅಂದ್ಕೊಂಡಿದ್ದೆ."

"ಮಷಿನ್ನಿನ ಎಣ್ಣೆನೇ ಇರಬೇಕು."

"'ಈ ಲೋಟಕ್ಕೆ' ಅಂತೀರಿ ರೀ," ಎಂದಳು ಅವಳು, ಬಹಳ ಮೃದುವಾಗಿ. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ ಎದ್ದ.

ಬುಧವಾರ ಮಧ್ಯಾಹ್ನ, ಬೀದಿಯಲ್ಲಿ ನರಪಿಳ್ಳೆಯೂ ಇಲ್ಲದ ಹೊತ್ತಿನಲ್ಲಿ, ಪಾನನಿಷೇಧ ಇಲಾಖೆಯ ಇನ್ಸ್‌ಪೆಕ್ಟರು ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದರು. ಬಂದ ಕೆಲಸ ಎರಡು: ಒಂದು ವಿಚಾರಣೆ, ಇನ್ನೊಂದು ಪ್ಯಾಂಟಿನ ಉದ್ದ ಇಳಿಸುವುದು. ಸರ್ಕಾರದ ಸಮಯ ಹಾಳಾಗಬಾರದೆಂದು ಎರಡನ್ನೂ ಒಟ್ಟಿಗೇ ಇಟ್ಟುಕೊಂಡರು. ಅವರು ಸ್ಟೂಲಿನ ಮೇಲೆ ನಿಂತು ಫೈಲು ತೆರೆದರು. ದರ್ಜಿ ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಕೆಳಗೆ ಮಂಡಿಯೂರಿದ.

"ಕಾನೂನು ಬಂದಾಗ ಕುಡಿತದ ಚಟ ಇದ್ದವರೆಲ್ಲ ಇಲಾಖೆಗೆ ಬಂದು ಹೆಸರು ಬರೆಸಬೇಕಿತ್ತು. ಬರೆಸದವರಿಗೆ ಮೂರು ತಿಂಗಳು ಜೈಲು. ಗೊತ್ತಾ?"

ದರ್ಜಿಯ ಕಣ್ಣು ಹೊಳೆಯಿತು. ಪಿನ್ನುಗಳನ್ನು ಉಗುಳಿದ. "ನಾನು ಬರೆಸಿಲ್ಲ ಸಾರ್. ಖಂಡಿತ ಬರೆಸಿಲ್ಲ. ಬೇಕಾದ್ರೆ ಜೈಲಿಗೆ ಹಾಕಿ, ಆದ್ರೆ ನನ್ನ ಹೆಸರು ನಿಮ್ಮ ಪುಸ್ತಕದಲ್ಲಿ ಇಲ್ಲ ಅಂತ ಒಂದು ಕಾಗದ ಬರೆದುಕೊಡಿ."

"ನಾನೂ ಅದೇ ಉತ್ಸಾಹದಲ್ಲಿ ಹುಡುಕಿದೆ," ಎಂದರು ಇನ್ಸ್‌ಪೆಕ್ಟರು ಬೇಸರದಿಂದ. "ನೀವು ಬರೆಸಿದ್ದೀರಿ. ಇನ್ನೂರ ಹನ್ನೆರಡನೇ ನಂಬರು. ಎಲ್ಲ ಕ್ರಮಬದ್ಧವಾಗಿದೆ. ನಿಮ್ಮಂಥವರಿಂದ ನಮ್ಮ ಇಲಾಖೆಗೆ ಒಂದು ಕೇಸೂ ಸಿಗೋದಿಲ್ಲ."

ಹಳದಿಯಾದ ಹಾಳೆಯಲ್ಲಿ ಅವನದೇ ಸಹಿ ಇತ್ತು. ಕೊನೆಯ ಅಕ್ಷರದ ಬಾಲವನ್ನು ನೂಲಿನ ಗಂಟಿನಂತೆ ಸುತ್ತಿ ಬಿಡುವುದು ಅವನ ಅಭ್ಯಾಸ. ಅದೂ ಇತ್ತು. ಗುರುತಿನ ಚಿಹ್ನೆ ಎಂಬಲ್ಲಿ ಎಡಗಿವಿಯ ಹಿಂದೆ ಕಪ್ಪು ಮಚ್ಚೆ ಎಂದು ಬರೆದಿತ್ತು. "ನನಗೆ ಅಂಥ ಮಚ್ಚೆ ಇಲ್ಲವೇ ಇಲ್ಲ" ಎಂದು ದರ್ಜಿ ಗೆದ್ದವನಂತೆ ಹೇಳಿದ. ಇನ್ಸ್‌ಪೆಕ್ಟರು ಸ್ಟೂಲಿನಿಂದಲೇ ಬಗ್ಗಿ ಅವನ ಕಿವಿ ಮಡಿಚಿ ನೋಡಿದರು. ಆಮೇಲೆ ಅಂಗಡಿಯ ಕೈಗನ್ನಡಿಯನ್ನು ಅವನ ತಲೆಯ ಹಿಂದೆ ಹಿಡಿದರು. ದೊಡ್ಡ ಕನ್ನಡಿಯೊಳಗಿನ ಸಣ್ಣ ಕನ್ನಡಿಯಲ್ಲಿ ಮಚ್ಚೆ ಕಂಡಿತು. ನಲವತ್ತೊಂದು ವರ್ಷ ತಾನು ಹೊತ್ತು ತಿರುಗಿದ ಮಚ್ಚೆ ತನಗಿಂತ ಮೊದಲು ಸರ್ಕಾರಕ್ಕೆ ಗೊತ್ತಿತ್ತಲ್ಲ ಎಂದು ದರ್ಜಿ ಹೌಹಾರಿದ. ಪ್ಯಾಂಟಿನ ಒಂದು ಕಾಲು ಇಳಿಸಿ ಇನ್ನೊಂದನ್ನು ಮರೆತ. ಇನ್ಸ್‌ಪೆಕ್ಟರು ಹಾಗೆಯೇ ಹೊರಟುಹೋದರು.

ಅಂದಿನಿಂದ ಅವನಿಗೆ ಇನ್ನೊಂದು ಪೀಡೆ ಹಿಡಿಯಿತು. ತಂದೆಯ ಕೊನೆಯ ದಿನವನ್ನು ನೆನಪಿಸಿಕೊಳ್ಳಲು ಕೂತರೆ ಹಾಸಿಗೆ ಬರುತ್ತಿತ್ತು, ಕಿಟಕಿ ಬರುತ್ತಿತ್ತು, ಔಷಧದ ಸೀಸೆ ಬರುತ್ತಿತ್ತು. ತಂದೆಯ ಮುಖ ಬರಬೇಕಾದ ಜಾಗದಲ್ಲಿ ಮಾತ್ರ ಒಂದು ಮರದ ಹಲಗೆ ಅಡ್ಡ ಬರುತ್ತಿತ್ತು. ಕೆಳಗೆ ಮಲಗಿ ಮೇಲೆ ನೋಡಿದಾಗ ಕಾಣುವಂಥ ಹಲಗೆ. ಅದರಲ್ಲಿ ನಾಲ್ಕು ಮೊಳೆಗಳು, ನಾಲ್ಕನೆಯದು ಸೊಟ್ಟ.

ಭಾನುವಾರ ಅವನು ಎಲ್ಲರಿಗಿಂತ ಮುಂಚೆ ಸಭಾಂಗಣಕ್ಕೆ ಹೋಗಿ, ಅತ್ತಿತ್ತ ನೋಡಿ, ಅಧ್ಯಕ್ಷರ ಮೇಜಿನ ಕೆಳಗೆ ಅಂಗಾತ ಮಲಗಿ ನೋಡಿದ. ನಾಲ್ಕು ಮೊಳೆಗಳಿದ್ದವು. ನಾಲ್ಕನೆಯದು ಸೊಟ್ಟಗಿತ್ತು. ತಲೆಯ ಕೆಳಗಿನ ನೆಲ ಅವನ ತಲೆಯ ಅಳತೆಗೇ ಸವೆದಂತಿತ್ತು. ಅವನು ಎದ್ದ ರಭಸಕ್ಕೆ ಹಣೆ ಮೇಜಿಗೆ ಬಡಿದು ಗುಬುಟೆ ಬಂತು.

ಆ ಗುಬುಟೆ ಹೊತ್ತುಕೊಂಡೇ ಅವನು ಸಭೆಯಲ್ಲಿ ಎದ್ದುನಿಂತ. ಎದೆಯ ರಿಬ್ಬನ್ ಕಿತ್ತು ಮೇಜಿನ ಮೇಲಿಟ್ಟ. "ನಾನು ಹೋದ ವಾರ ಹೇಳಿದ್ದೆಲ್ಲ ಸುಳ್ಳು. ನಾನು ಕುಡಿದೇ ಇಲ್ಲ. ನಮ್ಮಪ್ಪ ಸಾಯುವಾಗ ನಾನು ಪಕ್ಕದಲ್ಲೇ ಇದ್ದೆ. ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ನನಗೆ ವಾಪಸ್ ಕೊಡಿ."

ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷೆಯ ದನಿ ನಡುಗುತ್ತಿತ್ತು. "ನೋಡಿ, ಎಷ್ಟು ಶುದ್ಧರಾಗಿದ್ದಾರೆ ಅಂದ್ರೆ ಕುಡಿದದ್ದೇ ಅವರಿಗೆ ಮರೆತುಹೋಗಿದೆ. ಸಂಘ ಹುಟ್ಟಿದಾಗಿನಿಂದ ನಾನು ಕಾಯ್ತಿದ್ದದ್ದು ಇಂಥ ಒಬ್ಬರಿಗೇ." ಅವರು ಅವನಿಗೆ ಎರಡನೇ ರಿಬ್ಬನ್ ಚುಚ್ಚಿದರು.

ಆಗ ಮುಂದಿನ ಸಾಲಿನಿಂದ ಒಬ್ಬ ಅಪರಿಚಿತ ಎದ್ದ. ಚೆನ್ನಾಗಿ ಕ್ಷೌರ ಮಾಡಿಕೊಂಡಿದ್ದ, ಒಗೆದ ಅಂಗಿ ತೊಟ್ಟಿದ್ದ. ಎದೆಯ ಮೇಲಿನ ನೀಲಿ ರಿಬ್ಬನ್ನಿನ ಅಂಚು ರೇಷ್ಮೆ ನೂಲಿನದು, ದರ್ಜಿಯದೇ ಹೊಲಿಗೆ. ಅದನ್ನು ಸರಿಪಡಿಸಿಕೊಂಡ ಕೈಯಲ್ಲಿ ಉಂಗುರದ ಬೆರಳಿರಲಿಲ್ಲ.

"ತುಂಬ ತೆಳ್ಳಗಾಗಿದ್ದೀಯಲ್ಲೋ," ಎಂದ ಅವನು ದರ್ಜಿಗೆ, ಅಕ್ಕರೆಯಿಂದ. ಆಮೇಲೆ ಸಭೆಯ ಕಡೆ ತಿರುಗಿದ. "ಇವನಿಗೆ ಮರೆತಿದ್ರೆ ತಪ್ಪಿಲ್ಲ. ಅವತ್ತು ಪಕ್ಕದಲ್ಲಿ ಇದ್ದವನು ನಾನು. ಇವನ ಅಕ್ಕ ಆಳು ಕಳಿಸಿದ್ರು, ಅಪ್ಪ ಉಳಿಯೋ ಹಾಗಿಲ್ಲ, ಬೇಗ ಬಾ ಅಂತ. ಈ ಲೋಟ ಮುಗಿಸಿ ಬರ್ತೀನಿ ಅಂದ. ಆ ಲೋಟ ಇವನು ಇವತ್ತಿಗೂ ಮುಗಿಸಿಲ್ಲ."

ತನಗೆ ಅಕ್ಕ ಇದ್ದಾಳೆಂದು ದರ್ಜಿ ಆ ಸಭೆಯಲ್ಲಿ ಎಂದೂ ಹೇಳಿರಲಿಲ್ಲ. ಮೇಜಿನ ಮೇಲೆ, ಅವನು ಕಿತ್ತಿಟ್ಟ ರಿಬ್ಬನ್ನಿನ ಕೆಳಗೆ, ಉಂಗುರದ ಗುರುತೊಂದು ಒದ್ದೆಯಾಗಿ ಬಟ್ಟೆಗೆ ಹತ್ತುತ್ತಿತ್ತು. ಅವನು ಟೋಪಿ ಮರೆತು ಹೊರಗೆ ಓಡಿದ.

ತಂದೆ ತೀರಿಕೊಂಡ ದಿನ ಆ ಕೋಣೆಯಲ್ಲಿ ಇದ್ದವರು ಮೂವರೇ. ತಂದೆ ಹೋದ. ಉಳಿದವಳು ಅಕ್ಕ. ಅವಳ ಮನೆ ರೈಲು ನಿಲ್ದಾಣದ ಹಿಂದೆ, ಮೂರನೇ ಮಹಡಿಯಲ್ಲಿ. ಊರೆಲ್ಲ ಏನಾದರೂ ಅನ್ನಲಿ, ಇಲಾಖೆ ಏನಾದರೂ ಬರೆದುಕೊಳ್ಳಲಿ, ಅಕ್ಕ ಒಂದು ಮಾತು ಹೇಳಿದರೆ ಸಾಕು ಎಂದುಕೊಳ್ಳುತ್ತ ಅವನು ಮೆಟ್ಟಿಲು ಹತ್ತಿದ. ಅವಳು ಒಣಗಿದ ಬೆಡ್‌ಶೀಟುಗಳನ್ನು ಮಡಿಚುತ್ತಿದ್ದಳು. ಯಾಕೆ ಬಂದೆ ಎಂದು ಕೇಳದೆ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು ಎಳೆದು ಹಿಡಿದರು.

"ಅಕ್ಕ, ಅಪ್ಪ ಹೋದ ದಿನ ನೆನಪಿದೆಯಾ?"

"ಇಲ್ಲದೆ ಏನು."

"ನಾನು ಎಲ್ಲಿದ್ದೆ?"

ಅವಳು ಬಟ್ಟೆಯನ್ನು ಅರ್ಧಕ್ಕೆ ಮಡಿಚಿದಳು. "ಈಗ ಅದೆಲ್ಲ ಯಾಕೆ?"

"ಹೇಳು ಅಕ್ಕ. ಅಪ್ಪನ ಬೆರಳು ಬಟ್ಟೆ ಹುಡುಕೋ ಹಾಗೆ ಆಡ್ತಿತ್ತು. ನಾನು ಒಂದು ತುಂಡು ಬಟ್ಟೆ ತಂದು ಕೈಗಿಟ್ಟೆ. ಅಪ್ಪ ಅದನ್ನ ಉಜ್ಜಿ ನೋಡಿ, ಒಳ್ಳೆ ನೂಲು ಅಂದ. ಅದೇ ಕೊನೇ ಮಾತು. ಇದನ್ನ ನಾನು ಯಾರಿಗೂ ಹೇಳಿಲ್ಲ. ನನ್ನ ಹೆಂಡತಿಗೂ ಹೇಳಿಲ್ಲ."

"ಬಟ್ಟೆ ಇಟ್ಟವಳು ನಾನು," ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ಸಂಜೆ ನೀನು ಗೋಡೆ ಹಿಡ್ಕೊಂಡು ಬಂದೆ. ಅಪ್ಪ ಏನಂದ ಅಂತ ಕೇಳಿದೆ. ನಾನೇ ನಿನಗೆ ಹೇಳಿದೆ, ಒಳ್ಳೆ ನೂಲು ಅಂದ ಅಂತ. ಆದ್ರೆ ಅದು ಕೊನೇ ಮಾತಲ್ಲ ಕಣೋ. ಕೊನೇ ಮಾತು ಹೇಳಿದ್ರೆ ನೀನು ತಡಕೊಳ್ಳಲ್ಲ ಅಂತ ಹೇಳಲಿಲ್ಲ."

"ಏನಂದ?"

"ಅವನೆಲ್ಲಿ ಅಂದ. ಬರ್ತಿದ್ದಾನೆ ಅಪ್ಪ ಅಂದೆ. ಬಾಗಿಲು ನೋಡ್ತಾ ಇದ್ದ."

ದರ್ಜಿ ಬೆಡ್‌ಶೀಟಿನ ತುದಿಯನ್ನು ಬಿಡಲಿಲ್ಲ. ತನ್ನೊಳಗೆ ಎಲ್ಲ ಕಡೆ ಹುಡುಕಿದ. ಆ ಕೋಣೆಯಲ್ಲಿ ಈಗ ಅಕ್ಕ ಇದ್ದಳು, ಹಾಸಿಗೆಯಿತ್ತು, ಬಾಗಿಲನ್ನು ನೋಡುತ್ತಿರುವ ತಂದೆಯಿದ್ದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮಾಡದ ತಪ್ಪಿಗೆ ಹೇಗೆ ಕ್ಷಮೆ ಕೇಳುವುದೆಂದು ಅವನಿಗೆ ತಿಳಿದಿರಲಿಲ್ಲ. ಆದರೆ ಅಷ್ಟು ಹೊತ್ತು ಬಾಗಿಲನ್ನೇ ನೋಡಿದ ತಂದೆಯನ್ನು ನೆನೆದು ಅವನ ಎದೆ ಕಿತ್ತುಬಂತು.

"ತಪ್ಪಾಯ್ತು ಅಕ್ಕ," ಎಂದ. ಎಂದವನೇ ಮಗುವಿನಂತೆ ಅತ್ತ.

ಅಕ್ಕ ಬಟ್ಟೆಯನ್ನು ಅವನ ಕೈಯಿಂದ ಬಿಡಿಸಿಕೊಂಡು ಅವನ ತಲೆಯ ಮೇಲೆ ಕೈಯಿಟ್ಟಳು. ಅವಳ ಕಣ್ಣೂ ತುಂಬಿತ್ತು. "ಹೋಗಲಿ ಬಿಡು. ಹನ್ನೆರಡು ವರ್ಷ ಆಯ್ತು ನೀನು ಈ ಮಾತು ಆಡ್ತೀಯ ಅಂತ ಕಾದು. ಈಗ ಕುಡಿಯೋದಿಲ್ಲ ತಾನೆ?"

"ಇಲ್ಲ ಅಕ್ಕ. ಬಿಟ್ಟುಬಿಟ್ಟೆ."

ಹೇಳುವಾಗ ಅವನ ಗಂಟಲು ಒಣಗಿತ್ತು. ಅಕ್ಕ ಒಂದು ಲೋಟ ನೀರು ತಂದುಕೊಟ್ಟಳು. ಅವನು ಗಟಗಟನೆ ಕುಡಿದ. ಇನ್ನೊಂದು ಲೋಟ ಕೇಳಿದ, ಅದನ್ನೂ ಕುಡಿದ. ಆಮೇಲೆ ತಂಬಿಗೆಯನ್ನೇ ಎತ್ತಿ ಬಾಯಿಗಿಟ್ಟುಕೊಂಡ. ಹುಟ್ಟಿದಾಗಿನಿಂದ ಅವನು ಅರಿಯದಂಥ ಒಂದು ದಾಹ ಗಂಟಲಿನಿಂದ ಹೊಟ್ಟೆಯವರೆಗೆ ಹಾಗೆಯೇ ನಿಂತಿತ್ತು.

"ಸಾಕು," ಎಂದಳು ಅಕ್ಕ, ಖಾಲಿ ತಂಬಿಗೆಯನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಳ್ಳುತ್ತ. "ಅದು ನೀರಿಗೆ ಹೋಗೋ ಬಾಯಾರಿಕೆ ಅಲ್ಲ."